ಮೊದಲು ಯಾರನ್ನು ಕೇಳಬೇಕು

ಅತ್-ಬಾಶಿಯ ಶಾಲೆಯಲ್ಲಿ ಕಲ್ಲಿದ್ದಲ ಒಲೆ ನನ್ನದು.
ಇಪ್ಪತ್ತೊಂದು ಚಳಿಗಾಲ ಅದರ ಬಾಯಿಗೆ ತುತ್ತಿಟ್ಟಿದ್ದೇನೆ.
ಕಂಪ್ಯೂಟರಿನ ಸಂಗತಿ ನನಗೆ ತಿಳಿಯದು,
ಆದರೆ ಆ ಕೋಣೆಯೂ ಬೆಚ್ಚಗಿರಬೇಕಲ್ಲ,
ಹಾಗಾಗಿ ನಾನೂ ಅಲ್ಲಿದ್ದೆ.

ಯಂತ್ರ ಸತ್ತಿತ್ತು. ಸತ್ತದ್ದು ಅಂದರೆ,
ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ,
ಕಪ್ಪು ಪರದೆಯಲ್ಲೊಂದು ಬಿಳಿ ಗೆರೆ ಮಿಟುಕುತ್ತದೆ,
ಒಳಗೆ ಯಾರೂ ಇಲ್ಲ.
ನಾರಿನ್ ಪೇಟೆಯಿಂದ ಬಸ್ಸಿನವನ ಕೈಲಿ ಡಿಸ್ಕು ಬಂತು,
ಹಳೇ ಪೇಪರಿನಲ್ಲಿ ಸುತ್ತಿ, ಮೊಟ್ಟೆಯ ಹಾಗೆ.
ಯಂತ್ರ ನಾಲಿಗೆ ಚಾಚಿತು. ಇಟ್ಟರು. ನುಂಗಿತು.
ಗರಗರ ಅಂದಿತು, ಸುಮ್ಮನಾಯಿತು.
ಮತ್ತೆ ಅದೇ ಬಿಳಿ ಗೆರೆ.

'ಅದು ಡಿಸ್ಕನ್ನು ಕೇಳುತ್ತಲೇ ಇಲ್ಲ,'
ಅಂದಳು ಬೆರ್ಮೆತ್, ಎಂಟನೇ ತರಗತಿ,
'ಮೊದಲು ತನ್ನ ಹೊಟ್ಟೆಯನ್ನೇ ಕೇಳುತ್ತದೆ.
ಹೊಟ್ಟೆ ಖಾಲಿ. ಅಲ್ಲಿಗೇ ನಿಲ್ಲುತ್ತದೆ.'
ಒಲೆಯವನಿಗೆ ಅರ್ಥವಾಗುವ ಮಾತು:
ಕಾಗದ, ಚಕ್ಕೆ, ಆಮೇಲೆ ಕಲ್ಲಿದ್ದಲು;
ಸಾಲು ತಪ್ಪಿದರೆ ಬರೀ ಹೊಗೆ.

ಎಫ್-ಎರಡು ಒತ್ತಬೇಕು, ಕಣ್ಣು ಮಿಟುಕಿಸುವಷ್ಟರಲ್ಲಿ.
ಒತ್ತಿದರು. ಕೇಳುವ ಕಿವಿಯಿಲ್ಲ.
ಹೊಸ ಕೀಲಿಮಣೆಯ ಚಪ್ಪಟೆ ಮೂತಿಯನ್ನು ಈ ಮುದುಕ
ಪೂರ್ತಿ ಎಚ್ಚರಾಗುವ ತನಕ ಗುರುತಿಸುವುದಿಲ್ಲವಂತೆ.
ಉಗ್ರಾಣದಲ್ಲಿ, ಒಡೆದ ಭೂಗೋಳದ ಕೆಳಗೆ,
ದುಂಡು ಮೂತಿಯ, ನೇರಳೆ ಬಣ್ಣದ ಹಳೆಯದನ್ನು
ಹುಡುಕಿ ಕೊಟ್ಟವನು ನಾನು. ಬರೆದಿಟ್ಟುಕೊಳ್ಳಿ.

ನೀಲಿ ಪುಟ ತೆರೆಯಿತು. ಡಿಸ್ಕು ಮೇಲಕ್ಕೆ,
ಹೊಟ್ಟೆ ಕೆಳಕ್ಕೆ. ಉಳಿಸಿದರು.
ಆಗ ಕರೆಂಟು ಹೋಯಿತು.
ಬಂದಾಗ ಅದಕ್ಕೆ ಏನೊಂದೂ ನೆನಪಿಲ್ಲ;
ತಾರೀಕು ಎರಡು ಸಾವಿರದ ಮೂರು, ಜನವರಿ ಒಂದು.
'ಆಗ ನಾನು ಹುಟ್ಟೇ ಇರಲಿಲ್ಲ,' ಅಂದಳು ಬೆರ್ಮೆತ್.
ಆಗ ನನಗೆ ಹಲ್ಲೆಲ್ಲ ಇದ್ದವು. ಯಾರೂ ಕೇಳಲಿಲ್ಲ.

ಬೆನ್ನಿನ ತಗಡು ಬಿಚ್ಚಿದರು. ಧೂಳಿನೊಳಗೆ
ಮೂರು ಸೋಮಿನ ನಾಣ್ಯದಷ್ಟು ಒಂದು ಬೆಳ್ಳಿ ಬಿಲ್ಲೆ,
ನೆನಪೆಲ್ಲ ಅದರದಂತೆ, ಅದು ಬತ್ತಿಹೋಗಿದೆ.
ಅಂಗಡಿಯಲ್ಲಿ ಇಲ್ಲ. ಇನ್ನೊಂದು ಅಂಗಡಿಯೂ ಇಲ್ಲ.
ಅಡುಗೆಮನೆಯ ಕಂಶಾಯಿಮ್, ಕೈಯೆಲ್ಲ ಹಿಟ್ಟು,
ಏನೂ ಹೇಳದೆ ತನ್ನ ಗಾಜಿನ ತಕ್ಕಡಿ ಮಗುಚಿದಳು,
ಉಗುರಿನಿಂದ ಮೀಟಿ ಅಂಥದ್ದೇ ಬಿಲ್ಲೆ ತೆಗೆದಳು.

ಈ ಸಲ ಡಿಸ್ಕು ಹಾಡತೊಡಗಿತು.
ಶೇಕಡಾ ಹತ್ತು. ಇಪ್ಪತ್ತು. ಮೂವತ್ತೇಳು.
ಮೂವತ್ತೇಳು.
ನಡುವಿನಿಂದ ಅಂಚಿಗೆ, ಮೆತ್ತನೆ ಬಟ್ಟೆಯಲ್ಲಿ ಒರೆಸಿದರು.
ಮೂವತ್ತೇಳು.
ಚಳಿಗೆ ಹಬೆ ಕೂತಿದೆಯೇನೋ ಎಂದು ಒಲೆಯ ಬಳಿ ಹಿಡಿದರು;
'ದೂರ ಹಿಡೀರಿ, ಇದೇನು ರೊಟ್ಟಿಯೇ?' ಅಂದೆ.
ಮೂವತ್ತೇಳು.

ಬುರುಲ್ಚಾ ಎಜೆ ಪೇಟೆಯ ಅಂಗಡಿ ಹುಡುಗನಿಗೆ ಫೋನು ಹಚ್ಚಿದರು:
'ಯಾವ ವೇಗದಲ್ಲಿ ಬರೆದೆ?
ಎಲ್ಲಕ್ಕಿಂತ ಜೋರಾಗಿ ಅಲ್ಲವೇ?
ಇನ್ನೊಂದು ಬರೆ. ನಿನ್ನ ಯಂತ್ರಕ್ಕೆ ಬರುವಷ್ಟು ನಿಧಾನ.
ಬರೆದದ್ದನ್ನು ಒಂದು ಸಲ ಓದಿ ನೋಡು.
ಮೂರನೇ ತರಗತಿಯಲ್ಲೂ ನಿನಗೆ ಇದನ್ನೇ ಹೇಳಿದ್ದೆ.'

ಗುರುವಾರ ಎರಡನೇ ಡಿಸ್ಕು.
ಮೂವತ್ತೇಳು ಬಂದಾಗ ಯಾರೂ ಕೆಮ್ಮಲಿಲ್ಲ,
ಒಲೆಗೆ ಸಲಿಕೆ ಹಾಕದೆ ಕೈ ತಡೆದು ನಿಂತೆ.
ಮೂವತ್ತೆಂಟು.
ಎಜೆ ಆಗ ಕೋಟು ಬಿಚ್ಚಿದರು.

ಸಂಜೆ ಬೂದಿ ಬಾಚಲು ಹೋದೆ.
ಖಾಲಿ ಕೋಣೆ, ಪರದೆಯ ಮೂಲೆಯಲ್ಲಿ ಈ ಹೊತ್ತಿನದೇ ಗಂಟೆ.
ನನ್ನ ಒಲೆಗೆ ಅಂಥ ಬಿಲ್ಲೆ ಇಲ್ಲ.
ಕಾಗದ, ಚಕ್ಕೆ, ಕಲ್ಲಿದ್ದಲು ಅಂತ
ದಿನಾ ಬೆಳಗಾದರೆ ಹೊಸದಾಗಿ ಹೇಳಿಕೊಡಬೇಕು.

ಮಾರನೇ ದಿನ ಊಟಕ್ಕೆ ಕೈಅಂದಾಜಿನ ರೊಟ್ಟಿ,
ಒಂದು ದೊಡ್ಡದು, ಒಂದು ಚಿಕ್ಕದು.
ಬೆರ್ಮೆತ್‌ಗೆ ದೊಡ್ಡದು ಸಿಕ್ಕಿತು.
ಅಂದಾಜೋ ಏನೋ, ಕಂಶಾಯಿಮ್‌ನನ್ನೇ ಕೇಳಬೇಕು.